ಸ್ಟೀರಾಯ್ಡ್ ಹಾರ್ಮೋನುಗಳು, ಶ್ವಾಸಕೋಶದ ಆರೋಗ್ಯ ಮತ್ತು ವೈರಸ್ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ದಮ್ಮು, ಕೆಮ್ಮು, ಜ್ವರವೆಂದು ಆಸ್ಪತ್ರೆಗೆ ಬರುವವರು ಮತ್ತು ಅವರ ಮನೆಯವರು ಸ್ಟೀರಾಯ್ಡ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಎರಡು ಬಗೆಯಲ್ಲಿ ನಡೆದುಕೊಳ್ಳುವುದುಂಟು. ಕೆಲವರು ಹೆದರಿ, ಬೇಡವೇ ಬೇಡ ಎನ್ನುತ್ತಾರೆ. ಇನ್ನು ಕೆಲವರು ಕೋವಿಡ್ ಕಾಲದ ನೆನಪಿನಿಂದ ತಾವೇ ಔಷಧ ಅಂಗಡಿಯಲ್ಲಿ ಕೇಳಿ ಪಡೆಯುತ್ತಾರೆ. ಈ ಎರಡು ನಡವಳಿಕೆಗಳ ಹಿಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದು ಉತ್ತರಿಸಲಾಗಿದೆ. ಔಷಧದ ಪ್ರಮಾಣಗಳನ್ನು ತಿಳಿವಳಿಕೆಗಾಗಿ ಮಾತ್ರ ಕೊಟ್ಟಿದೆ. ಯಾರಿಗೆ ಎಷ್ಟು ಎಂಬುದನ್ನು ರೋಗಿಯನ್ನು ಕಣ್ಣಾರೆ ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು.

ಸ್ಟೀರಾಯ್ಡ್ ಹಾರ್ಮೋನುಗಳು ಎಂದರೆ ಯಾವುವು? ಅವು ನಮ್ಮ ದೇಹದಲ್ಲೇ ಇವೆಯೇ?

ಇವೆ, ಮತ್ತು ಅವಿಲ್ಲದೆ ಬದುಕು ಸಾಧ್ಯವಿಲ್ಲ. ಕೊಲೆಸ್ಟ್ರಾಲ್ ಎಂಬ ಕೊಬ್ಬಿನ ಪದಾರ್ಥದಿಂದ ದೇಹವು ತಯಾರಿಸಿಕೊಳ್ಳುವ ಒಂದು ಗುಂಪಿನ ಹಾರ್ಮೋನುಗಳಿಗೆ ಈ ಹೆಸರಿದೆ. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಮತ್ತು ಆಲ್ಡೋಸ್ಟೆರೋನ್‌ಗಳನ್ನು, ಅಂಡಾಶಯಗಳು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರೋನ್‌ಗಳನ್ನು, ವೃಷಣಗಳು ಟೆಸ್ಟೋಸ್ಟೆರೋನನ್ನು ಉತ್ಪಾದಿಸುತ್ತವೆ. ಶ್ವಾಸಕೋಶದ ಜೀವಕೋಶಗಳಲ್ಲಿಯೂ ರೋಗನಿರೋಧಕ ಕೋಶಗಳಲ್ಲಿಯೂ ಈ ಹಾರ್ಮೋನುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಗ್ರಾಹಕಗಳಿರುವುದರಿಂದ, ಹಾರ್ಮೋನಿನ ಏರಿಳಿತವು ಉಸಿರಾಟದ ಮೇಲೂ ಸೋಂಕನ್ನು ಎದುರಿಸುವ ಬಗೆಯ ಮೇಲೂ ಪರಿಣಾಮ ಬೀರುತ್ತದೆ.

ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಬಹುತೇಕ ಕಾರ್ಟಿಸಾಲಿನ ಕುಟುಂಬಕ್ಕೆ ಸೇರಿದ್ದು. ಹೈಡ್ರೋಕಾರ್ಟಿಸೋನ್ ಎಂಬ ಔಷಧವು ಕಾರ್ಟಿಸಾಲೇ ಆಗಿದೆ. ಪ್ರೆಡ್ನಿಸೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಮುಂತಾದವು ಅದರ ರಚನೆಯನ್ನು ಅಲ್ಪಸ್ವಲ್ಪ ಬದಲಿಸಿ ಹೆಚ್ಚು ಶಕ್ತಿಯುತವಾಗಿ ಮಾಡಿದಂಥವು. 20 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಮಾಡುವ ಕೆಲಸವನ್ನು 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಅಥವಾ ಸುಮಾರು 0.75 ಮಿ.ಗ್ರಾಂ ಡೆಕ್ಸಾಮೆಥಸೋನ್ ಮಾಡುತ್ತದೆ. ಮಾತ್ರೆಯ ಮೇಲಿನ ಸಂಖ್ಯೆ ಚಿಕ್ಕದಾಗಿದೆಯೆಂದು ಡೆಕ್ಸಾಮೆಥಸೋನನ್ನು ಸೌಮ್ಯ ಔಷಧವೆಂದು ತಿಳಿಯುವವರು ಈ ಲೆಕ್ಕವನ್ನು ಗಮನಿಸಬೇಕು.

ಈ ಔಷಧಗಳ ಚರಿತ್ರೆ ಹಳೆಯದೇನಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಹೋದ್ಯೋಗಿಗಳು ಕೀಲುವಾತದ ರೋಗಿಯೊಬ್ಬರಿಗೆ ಇದೇ ಕುಟುಂಬದ ಕಾರ್ಟಿಸೋನ್ ಕೊಟ್ಟು ಅದರ ಪರಿಣಾಮವನ್ನು ಕಂಡರು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಗರಡಿಯವರು, ಜಿಮ್‌ಗೆ ಹೋಗುವ ಹುಡುಗರು ತೆಗೆದುಕೊಳ್ಳುವ ಸ್ಟೀರಾಯ್ಡ್ ಇದೇ ಏನು?

ಅಲ್ಲ. ಅದು ಟೆಸ್ಟೋಸ್ಟೆರೋನಿನ ಕುಟುಂಬದ್ದು, ಮಾಂಸಖಂಡವನ್ನು ಬೆಳೆಸುತ್ತದೆ. ಕಾರ್ಟಿಸಾಲ್ ಕುಟುಂಬದ ಔಷಧವು ಬಹುಕಾಲ ಸೇವಿಸಿದರೆ ಮಾಂಸಖಂಡವನ್ನು ಕರಗಿಸುತ್ತದೆ. ದಮ್ಮಿಗೆ ಕೊಟ್ಟ ಮಾತ್ರೆಯಿಂದ ಮೈ ತುಂಬಿಕೊಂಡಂತೆ ಕಂಡರೆ ಅದು ನೀರು ಮತ್ತು ಕೊಬ್ಬು ಸೇರಿದ್ದರಿಂದ ಆದ ಊತವಾಗಿರುತ್ತದೆ, ಬಲವಲ್ಲ.

ಕಾರ್ಟಿಸಾಲ್ ಶ್ವಾಸಕೋಶದಲ್ಲಿ ಮಾಡುವ ಕೆಲಸವೇನು?

ವೈರಸ್ ಶ್ವಾಸನಾಳದ ಒಳಪದರವನ್ನು ಹೊಕ್ಕಾಗ ಅಲ್ಲಿನ ಜೀವಕೋಶಗಳು ಮೊದಲಿಗೆ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೊಟೀನನ್ನು ಹೊರಬಿಡುತ್ತವೆ. ಅದರಿಂದ ನೆರೆಯ ಕೋಶಗಳು ವೈರಸ್ ತಮ್ಮೊಳಗೆ ಬೆಳೆಯದಂತೆ ಸಿದ್ಧವಾಗುತ್ತವೆ. ಬಳಿಕ ಬಿಳಿ ರಕ್ತಕಣಗಳು ಧಾವಿಸುತ್ತವೆ, ರಕ್ತನಾಳಗಳಿಂದ ದ್ರವ ಸೋರುತ್ತದೆ, ಲೋಳೆ ಹೆಚ್ಚುತ್ತದೆ. ಇದನ್ನೇ ಉರಿಯೂತ ಎನ್ನುತ್ತೇವೆ. ಉರಿಯೂತವು ವೈರಸ್ಸನ್ನು ಹೊರಹಾಕಲು ಬೇಕೇ ಬೇಕು, ಆದರೆ ಅದು ಮಿತಿ ಮೀರಿದರೆ ಆಮ್ಲಜನಕ ರಕ್ತಕ್ಕೆ ದಾಟಬೇಕಾದ ಗಾಳಿಚೀಲಗಳೇ ದ್ರವದಿಂದ ತುಂಬಿಕೊಳ್ಳುತ್ತವೆ.

ಕಾರ್ಟಿಸಾಲ್ ಈ ಪ್ರಕ್ರಿಯೆಗೆ ಮಿತಿ ಹಾಕುವ ಹಾರ್ಮೋನು. ಅದು ಜೀವಕೋಶದೊಳಗೆ ತನ್ನ ಗ್ರಾಹಕವನ್ನು ಕೂಡಿಕೊಂಡು ಕೋಶಕೇಂದ್ರವನ್ನು ಪ್ರವೇಶಿಸಿ, ಉರಿಯೂತದ ಪ್ರೊಟೀನುಗಳ ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್ ಕಪ್ಪಾ ಬಿ ಮುಂತಾದ ಅಂಶಗಳನ್ನು ತಡೆಹಿಡಿಯುತ್ತದೆ; ಅದರಿಂದ ಇಂಟರ್‌ಲ್ಯೂಕಿನ್ 6ರಂತಹ ಸಂದೇಶವಾಹಕಗಳು ತಗ್ಗುತ್ತವೆ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಮುಂಜಾನೆ ಏರಿ, ನಡುರಾತ್ರಿಯ ಹೊತ್ತಿಗೆ ತೀರಾ ಇಳಿಯುತ್ತದೆ. ದಮ್ಮಿನ ರೋಗಿಗಳಿಗೆ ರಾತ್ರಿ ಎರಡು, ಮೂರು ಗಂಟೆಯ ಸುಮಾರಿಗೆ ಉಬ್ಬಸ ಹೆಚ್ಚಾಗುವುದಕ್ಕೆ ಹಲವು ಕಾರಣಗಳಿದ್ದು, ಕಾರ್ಟಿಸಾಲಿನ ಈ ಇಳಿತವೂ ಅವುಗಳಲ್ಲಿ ಒಂದು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕಾರ್ಟಿಸಾಲ್ ಉರಿಯೂತವನ್ನು ತಗ್ಗಿಸುವಾಗ ಹಾನಿಕರ ಉರಿಯೂತ ಯಾವುದು, ಉಪಕಾರಿ ಯಾವುದು ಎಂದು ಬೇರ್ಪಡಿಸುವುದಿಲ್ಲ. ಮೊದಲು ಹೇಳಿದ ಇಂಟರ್‌ಫೆರಾನ್ ಸಹ ತಗ್ಗುತ್ತದೆ. ಮುಂದಿನ ಬಹುತೇಕ ಉತ್ತರಗಳು ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಕೋವಿಡ್‌ನಲ್ಲಿ ಜೀವ ಉಳಿಸಿದ ಔಷಧವನ್ನು ಜ್ವರ ಬಂದ ಮೊದಲ ದಿನವೇ ಏಕೆ ಕೊಡಬಾರದು?

ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ 2020ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗದಿಂದ ದೊರೆಯಿತು. ಆಸ್ಪತ್ರೆಗೆ ಸೇರಿದ 2,104 ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಸೋನನ್ನು ಹೆಚ್ಚೆಂದರೆ 10 ದಿನ ಕೊಟ್ಟು, ಅದನ್ನು ಕೊಡದ 4,321 ಮಂದಿಯೊಂದಿಗೆ ಹೋಲಿಸಲಾಯಿತು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಶೇ 26.2ರಿಂದ ಶೇ 23.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿರದಿದ್ದವರಲ್ಲಿ ಮಾತ್ರ ಲಾಭ ಕಾಣಲಿಲ್ಲ. ಔಷಧ ಪಡೆದವರಲ್ಲಿ ಸಾವು ಶೇ 17.8, ಪಡೆಯದವರಲ್ಲಿ ಶೇ 14.0 ಇತ್ತು. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆಯಾದರೂ, ಲಾಭವಿದೆಯೆಂದು ಹೇಳಲು ಅಲ್ಲಿ ಯಾವ ಆಧಾರವೂ ಇಲ್ಲ.

ಔಷಧ ಒಂದೇ, ಪ್ರಮಾಣ ಒಂದೇ, ರೋಗವೂ ಒಂದೇ. ಬೇರೆಯಾಗಿದ್ದುದು ರೋಗದ ಹಂತ. ಮೊದಲ ವಾರದಲ್ಲಿ ವೈರಸ್ ವೇಗವಾಗಿ ಹೆಚ್ಚುತ್ತಿರುತ್ತದೆ, ಅದನ್ನು ತಡೆಯುವ ಭಾರವೆಲ್ಲ ಇಂಟರ್‌ಫೆರಾನ್ ಮತ್ತು ಬಿಳಿ ರಕ್ತಕಣಗಳ ಮೇಲಿರುತ್ತದೆ. ಆಗ ಅವುಗಳ ಕೈ ಕಟ್ಟಿದರೆ ವೈರಸ್ಸಿಗೆ ಅನುಕೂಲ. ಎರಡನೆಯ ವಾರಕ್ಕೆ ಕಾಲಿಡುವ ಹೊತ್ತಿಗೆ ಕೆಲವರಲ್ಲಿ ವೈರಸ್ ಇಳಿಮುಖವಾಗಿದ್ದರೂ ಉರಿಯೂತ ತಗ್ಗದೆ ಶ್ವಾಸಕೋಶವನ್ನು ಕೆಡಿಸುತ್ತದೆ, ಆಮ್ಲಜನಕದ ಮಟ್ಟ ಕುಸಿಯುತ್ತದೆ. ಆಗ ಅದೇ ಔಷಧ ಪ್ರಾಣ ಉಳಿಸುತ್ತದೆ. ಭದ್ರಾ ನಾಲೆಯ ನೀರನ್ನು ನಂಬಿದ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಾಟಿಯ ವೇಳೆಗೆ ಬೇಕಾದ ನೀರೇ ಕೊಯ್ಲಿನ ವೇಳೆಗೆ ಗದ್ದೆಗೆ ನುಗ್ಗಿದರೆ ಬೆಳೆ ಮಲಗುತ್ತದೆ. 2003ರ ಸಾರ್ಸ್ ಹಾವಳಿಯ ಕಾಲದಲ್ಲಿಯೂ ರೋಗದ ಆರಂಭದಲ್ಲೇ ಹೈಡ್ರೋಕಾರ್ಟಿಸೋನ್ ಪಡೆದವರ ರಕ್ತದಲ್ಲಿ ವೈರಸ್ ಹೆಚ್ಚು ಕಾಲ ಉಳಿದಿದ್ದು ಕಂಡುಬಂದಿತ್ತು.

6 ಮಿ.ಗ್ರಾಂ ಡೆಕ್ಸಾಮೆಥಸೋನ್ ಎಂದರೆ ಸುಮಾರು 160 ಮಿ.ಗ್ರಾಂ ಹೈಡ್ರೋಕಾರ್ಟಿಸೋನಿಗೆ ಸಮ. ಆರೋಗ್ಯವಂತ ದೇಹ ಒಂದು ದಿನಕ್ಕೆ ತಯಾರಿಸುವ ಕಾರ್ಟಿಸಾಲಿನ ಹತ್ತು ಪಟ್ಟಿನಷ್ಟು ಅದು. ಬೇಡವಾದವರಿಗೆ ಇಷ್ಟನ್ನು ದಿನಗಟ್ಟಲೆ ಕೊಡುವುದು ಸಣ್ಣ ಸಂಗತಿಯಲ್ಲ.

ಫ್ಲೂ, ನೆಗಡಿ, ಮಕ್ಕಳ ಉಬ್ಬಸ, ನ್ಯುಮೋನಿಯಾ ಇವುಗಳಿಗೂ ಇದೇ ನಿಯಮವೇ?

ಪ್ರತಿ ವೈರಸ್ಸಿನ ಸ್ವಭಾವವೂ ಬೇರೆ, ಆದುದರಿಂದ ಕೋವಿಡ್‌ನ ಪಾಠವನ್ನು ಎಲ್ಲಕ್ಕೂ ಅನ್ವಯಿಸಲಾಗದು. ಇನ್‌ಫ್ಲುಯೆಂಜಾದಿಂದ ನ್ಯುಮೋನಿಯಾ ಆದವರಲ್ಲಿ ಸ್ಟೀರಾಯ್ಡ್ ಪಡೆದವರ ಸಾವಿನ ಪ್ರಮಾಣ ಹೆಚ್ಚಿದ್ದುದನ್ನು ಹಲವು ಅವಲೋಕನ ಅಧ್ಯಯನಗಳು ಗುರುತಿಸಿವೆ. ಹೆಚ್ಚು ಗಂಭೀರವಾಗಿದ್ದವರಿಗೇ ಔಷಧ ಕೊಟ್ಟಿರಬಹುದಾದ ಕಾರಣ ಆ ಲೆಕ್ಕ ಪೂರ್ತಿ ಖಚಿತವಲ್ಲ, ಆದರೂ ದಮ್ಮಿನಂತಹ ಬೇರೆ ಕಾರಣವಿಲ್ಲದಿದ್ದರೆ ಫ್ಲೂ ಒಂದಕ್ಕೇ ಅದನ್ನು ಕೊಡುವುದಿಲ್ಲ.

ಒಂದು ವರ್ಷದೊಳಗಿನ ಕೂಸುಗಳಿಗೆ ಆರ್‌ಎಸ್‌ವಿ ಎಂಬ ವೈರಸ್ಸಿನಿಂದ ಬರುವ ಸಣ್ಣ ಶ್ವಾಸನಾಳಗಳ ಉರಿಯೂತಕ್ಕೆ ಸ್ಟೀರಾಯ್ಡ್‌ನಿಂದ ಪ್ರಯೋಜನವಿಲ್ಲ. ಇದಕ್ಕೆ ವಿರುದ್ಧವಾಗಿ, ಧ್ವನಿಪೆಟ್ಟಿಗೆ ಊದಿಕೊಂಡು ಮಗು ನಾಯಿ ಬೊಗಳಿದಂತೆ ಕೆಮ್ಮುವ ಕ್ರೂಪ್ ಎಂಬ ರೋಗದಲ್ಲಿ ಒಂದೇ ಒಂದು ಸಲ ಕೊಟ್ಟ ಡೆಕ್ಸಾಮೆಥಸೋನ್ ಕೆಲವು ಗಂಟೆಗಳಲ್ಲಿ ಉಸಿರಾಟವನ್ನು ಹಗುರಗೊಳಿಸುತ್ತದೆ, ಏಕೆಂದರೆ ಅಲ್ಲಿನ ಅಪಾಯ ವೈರಸ್ಸಿಗಿಂತ ಹೆಚ್ಚಾಗಿ ಇಕ್ಕಟ್ಟಾದ ಜಾಗದ ಊತದಿಂದ ಬರುತ್ತದೆ. ತೀವ್ರ ನಿಗಾ ಘಟಕಕ್ಕೆ ಸೇರುವಷ್ಟು ಗಂಭೀರವಾದ ನ್ಯುಮೋನಿಯಾದಲ್ಲಿ ಹೈಡ್ರೋಕಾರ್ಟಿಸೋನ್ ಕೊಟ್ಟಾಗ 28 ದಿನಗಳ ಸಾವು ಶೇ 11.9ರಿಂದ ಶೇ 6.2ಕ್ಕೆ ಇಳಿದುದನ್ನು 2023ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಪ್ರಯೋಗವೊಂದು ತೋರಿಸಿದೆ. ಆ ಪ್ರಯೋಗದಲ್ಲಿ ಇನ್‌ಫ್ಲುಯೆಂಜಾ ರೋಗಿಗಳನ್ನು ಸೇರಿಸಿಕೊಂಡಿರಲಿಲ್ಲ ಎಂಬುದು ಗಮನಾರ್ಹ. ಸಾಮಾನ್ಯ ನೆಗಡಿಗೆ ಏನೂ ಬೇಡ.

ಊರಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿದರೆ ಸಂಜೆಯೊಳಗೆ ಜ್ವರ ಬಿಡುತ್ತದೆ. ಇದರಲ್ಲಿ ತಪ್ಪೇನಿದೆ?

ಜ್ವರ, ಮೈಕೈ ನೋವು, ಊಟ ಸೇರದಿರುವುದು ಇವೆಲ್ಲ ದೇಹ ವೈರಸ್ಸಿನೊಡನೆ ಹೋರಾಡುತ್ತಿರುವಾಗ ಹೊರಡುವ ಸಂದೇಶಗಳಿಂದ ಆಗುವಂಥವು. ಸ್ಟೀರಾಯ್ಡ್ ಆ ಸಂದೇಶಗಳನ್ನು ನಿಲ್ಲಿಸುವುದರಿಂದ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಮೈ ಹಗುರವೆನಿಸುತ್ತದೆ. ರೋಗ ಮಾತ್ರ ಇದ್ದಲ್ಲೇ ಇರುತ್ತದೆ. ಡೆಕ್ಸಾಮೆಥಸೋನಿನ ಪ್ರಭಾವ ದೇಹದಲ್ಲಿ ಒಂದೂವರೆ ದಿನದಿಂದ ಎರಡು ದಿನಗಳಿಗೂ ಮೀರಿ ಉಳಿಯುತ್ತದೆ. ಅಷ್ಟರಲ್ಲಿ ಜ್ವರದ ಏರಿಳಿತ ನೋಡಿ ರೋಗ ಗುರುತಿಸುವ ಅವಕಾಶ ತಪ್ಪುತ್ತದೆ, ಕ್ಷಯವೋ ಡೆಂಗಿಯೋ ನ್ಯುಮೋನಿಯಾವೋ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಶ್ವಾಸಕೋಶದಲ್ಲಿ ಹಳೆಯ ಕ್ಷಯದ ಸೋಂಕು ಅಡಗಿದ್ದವರಲ್ಲಿ ಮತ್ತೆ ಮತ್ತೆ ಪಡೆದ ಸ್ಟೀರಾಯ್ಡ್ ಅದನ್ನು ಎಬ್ಬಿಸಲೂಬಹುದು.

ಇಂಜೆಕ್ಷನ್ ಕೊಟ್ಟವರ ಮೇಲೆ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ. ಮೆಕ್ಕೆಜೋಳದ ಒಕ್ಕಣೆಯೋ ಈರುಳ್ಳಿ ಕೀಳುವುದೋ ಇರುವ ದಿನಗಳಲ್ಲಿ ಕೂಲಿ ತಪ್ಪಬಾರದೆಂದು ರೋಗಿಗಳೇ ಪಟ್ಟು ಹಿಡಿದು ಕೇಳುತ್ತಾರೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಎರಡೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿವೆ. ಹಾಕುವ ಇಂಜೆಕ್ಷನ್ ಯಾವುದೆಂದು ಕೇಳಿ, ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ರೋಗಿಯ ಹಕ್ಕು.

ಸಕ್ಕರೆ ಕಾಯಿಲೆ ಇದ್ದವರಿಗೆ ಬ್ಲ್ಯಾಕ್ ಫಂಗಸ್ ಬಂದದ್ದು ಸ್ಟೀರಾಯ್ಡ್‌ನಿಂದಲೇ?

2021ರ ಎರಡನೆಯ ಅಲೆಯಲ್ಲಿ ದೇಶದಾದ್ಯಂತ ಕಂಡ ಮ್ಯೂಕರ್‌ಮೈಕೋಸಿಸ್‌ಗೆ, ಎಂದರೆ ಬ್ಲ್ಯಾಕ್ ಫಂಗಸ್‌ಗೆ, ಒಂದೇ ಕಾರಣವಿರಲಿಲ್ಲ, ಆದರೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಅಗತ್ಯಕ್ಕಿಂತ ಹೆಚ್ಚಿನ ಸ್ಟೀರಾಯ್ಡ್ ಬಳಕೆ ಪ್ರಧಾನ ಕಾರಣಗಳಾಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಇದನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ಕೇಂದ್ರವು ರಾಜ್ಯಗಳಿಗೆ ಸೂಚಿಸಿತು. ಕಾರ್ಟಿಸಾಲ್ ಕುಟುಂಬದ ಔಷಧಗಳು ಯಕೃತ್ತಿನಿಂದ ಸಕ್ಕರೆಯನ್ನು ಹೆಚ್ಚು ಹೊರಬಿಡಿಸುತ್ತವೆ, ಇನ್ಸುಲಿನ್ ಕೆಲಸವನ್ನು ಮಂದಗೊಳಿಸುತ್ತವೆ; ಶಿಲೀಂಧ್ರವನ್ನು ನುಂಗಬೇಕಾದ ರಕ್ತಕಣಗಳೂ ದುರ್ಬಲವಾಗುತ್ತವೆ. ಆದ್ದರಿಂದ ಸಕ್ಕರೆ ಕಾಯಿಲೆಯವರಿಗೆ ಈ ಔಷಧ ಅನಿವಾರ್ಯವಾದಾಗ ದಿನಕ್ಕೆ ಹಲವು ಸಲ ರಕ್ತದ ಸಕ್ಕರೆ ನೋಡಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗಬೇಕು. ಬೆಳಿಗ್ಗೆ ಪ್ರೆಡ್ನಿಸೊಲೋನ್ ತೆಗೆದುಕೊಂಡವರಲ್ಲಿ ಸಕ್ಕರೆ ಏರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿ ಕುಳಿತರೆ ಅದು ಕಣ್ಣಿಗೆ ಬೀಳದೆ ಹೋಗಬಹುದು.

ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಬಂದ ಗರ್ಭಿಣಿಗೆ ಸ್ಟೀರಾಯ್ಡ್ ಕೊಡುವುದೇಕೆ?

ಹುಟ್ಟಲಿರುವ ಮಗುವಿನ ಶ್ವಾಸಕೋಶಕ್ಕಾಗಿ. ಗಾಳಿಚೀಲಗಳ ಒಳಗೋಡೆಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ಸರ್ಫಕ್ಟಂಟ್ ಎಂಬ ಜಿಡ್ಡಿನ ಪದಾರ್ಥ ಅಲ್ಲಿ ಲೇಪನವಾಗಿರಬೇಕು. ಗರ್ಭದಲ್ಲಿ ಇದು ಬೇಕಾದಷ್ಟು ತಯಾರಾಗುವುದು ಸುಮಾರು 34, 35ನೆಯ ವಾರದ ಹೊತ್ತಿಗೆ, ಮತ್ತು ಆ ತಯಾರಿಗೆ ಪ್ರಚೋದನೆ ಕೊಡುವುದು ಮಗುವಿನ ಸ್ವಂತ ಕಾರ್ಟಿಸಾಲ್. ಅದಕ್ಕಿಂತ ಮೊದಲೇ ಮಗು ಹುಟ್ಟುವಂತಿದ್ದರೆ ತಾಯಿಗೆ ಕೊಟ್ಟ ಔಷಧವು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ತಲುಪಿ ಆ ಕೆಲಸವನ್ನು ಮುಂಚಿತವಾಗಿ ಮಾಡಿಸುತ್ತದೆ.

ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಅವರು ಕುರಿಗಳಲ್ಲಿ ಹೆರಿಗೆ ಹೇಗೆ ಆರಂಭವಾಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಪಡೆದು ಅಕಾಲದಲ್ಲಿ ಹುಟ್ಟಿದ ಮರಿಗಳು ನಿರೀಕ್ಷೆ ಮೀರಿ ಉಸಿರಾಡಿದ್ದನ್ನು ಕಂಡರು. ಅವರು ರಾಸ್ ಹೌವೀ ಅವರೊಡನೆ ನಡೆಸಿ 1972ರಲ್ಲಿ ಪ್ರಕಟಿಸಿದ ಪ್ರಯೋಗ ಮನುಷ್ಯರಲ್ಲಿಯೂ ಇದನ್ನು ದೃಢಪಡಿಸಿತು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಇದನ್ನು ವ್ಯಾಪಕವಾಗಿ ಬಳಸಬೇಕೆಂದು ಹೇಳಿದ್ದು 1994ರಲ್ಲಿ. ಅಗ್ಗದ ಔಷಧವೊಂದು ಸಾಕ್ಷ್ಯವಿದ್ದೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಪಾಟಿನಲ್ಲಿ ಉಳಿದದ್ದು ವೈದ್ಯಲೋಕದ ಜಡತೆಯನ್ನು ತೋರಿಸುತ್ತದೆ.

ಭಾರತದಲ್ಲಿ 6 ಮಿ.ಗ್ರಾಂನಂತೆ 12 ಗಂಟೆಗಳಿಗೊಮ್ಮೆ ನಾಲ್ಕು ಸಲ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಡುವುದು ವಾಡಿಕೆ. 24ರಿಂದ 34 ವಾರಗಳ ನಡುವೆ ಅಕಾಲಿಕ ಹೆರಿಗೆಯ ಲಕ್ಷಣವಿದ್ದರೆ, ಮೇಲಿನ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಇಂಜೆಕ್ಷನ್ನನ್ನು ಆರೋಗ್ಯ ಸಹಾಯಕಿಯರೇ ಕೊಡಲು 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಜಗಳೂರಿನ ಹಳ್ಳಿಯೊಂದರಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಅಥವಾ ಮೊಳಕಾಲ್ಮೂರಿನ ಕಡೆಯಿಂದ ಚಿತ್ರದುರ್ಗಕ್ಕೆ ಹೊರಟ ಗರ್ಭಿಣಿಗೆ ದಾರಿಯ ಹೊತ್ತು ವ್ಯರ್ಥವಾಗದಿರುವುದು ಇದರಿಂದಲೇ.

ಇಲ್ಲಿಯೂ ಕಾಲ ತಪ್ಪಬಾರದು. ನಮ್ಮ ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, 2015ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗದಲ್ಲಿ, ಸೌಲಭ್ಯ ಕಡಿಮೆಯಿರುವ ಕಡೆಗಳಲ್ಲಿ ಈ ಔಷಧದ ಬಳಕೆಯನ್ನು ಹೆಚ್ಚಿಸಿದಾಗ ನಿರೀಕ್ಷಿಸಿದ ಲಾಭ ಬರಲಿಲ್ಲ. ತಾಯಂದಿರಲ್ಲಿ ಸೋಂಕಿನ ಶಂಕೆಯ ಪ್ರಕರಣಗಳು ಹೆಚ್ಚಿದವು, ಒಟ್ಟಾರೆ ನವಜಾತ ಶಿಶುಗಳ ಸಾವೂ ಸ್ವಲ್ಪ ಹೆಚ್ಚಿತು. ಔಷಧ ಪಡೆದ ಬಹಳ ಮಂದಿಗೆ ವಾಸ್ತವವಾಗಿ ಅಕಾಲಿಕ ಹೆರಿಗೆ ಆಗಿರಲೇ ಇಲ್ಲ. ಗರ್ಭದ ವಾರಗಳನ್ನು ಸ್ಕ್ಯಾನ್ ಮೂಲಕ ಸರಿಯಾಗಿ ಲೆಕ್ಕ ಹಾಕಿ, ನವಜಾತ ಶಿಶುಗಳ ಆರೈಕೆಯಿರುವ ಆಸ್ಪತ್ರೆಗಳಲ್ಲಿಯೇ ಕೊಟ್ಟಾಗ ಏನಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ಪರೀಕ್ಷಿಸಿತು. 2020ರಲ್ಲಿ ಬಂದ ಆ ಫಲಿತಾಂಶದಲ್ಲಿ ನವಜಾತ ಶಿಶುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕವನ್ನು ಸರಿಯಾಗಿ ಬರೆಸುವುದು ಎಷ್ಟು ಮುಖ್ಯವೆಂದು ಆಶಾ ಕಾರ್ಯಕರ್ತೆಯರು ಒತ್ತಿ ಹೇಳುವುದಕ್ಕೆ ಇಂತಹ ಕಾರಣಗಳಿವೆ.

ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಚಟವಾಗುತ್ತದೆಯೇ? ಜ್ವರ, ನೆಗಡಿ ಬಂದಾಗ ನಿಲ್ಲಿಸಬೇಕೇ?

ಚಟವಾಗುವುದಿಲ್ಲ, ಮತ್ತು ನೆಗಡಿ ಬಂದಾಗ ನಿಲ್ಲಿಸಬಾರದು. ದಮ್ಮು ಕೆರಳುವ ಸಂದರ್ಭಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಬಹುಪಾಲಿಗೆ ಕಾರಣ ನೆಗಡಿಯ ವೈರಸ್‌ಗಳು. ಪ್ರತಿದಿನದ ಇನ್ಹೇಲರ್‌ನಿಂದ ಶ್ವಾಸನಾಳಗಳ ಉರಿಯೂತ ಹತೋಟಿಯಲ್ಲಿದ್ದರೆ ಅದೇ ನೆಗಡಿ ನೆಗಡಿಯಾಗಿಯೇ ಮುಗಿಯುತ್ತದೆ. ಇನ್ಹೇಲರ್‌ನ ಒಂದು ಎಳೆತದಲ್ಲಿ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ. ದಮ್ಮು ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ 40 ಮಿ.ಗ್ರಾಂ, ಎಂದರೆ 40,000 ಮೈಕ್ರೋಗ್ರಾಂ. ಎರಡು ಔಷಧಗಳ ಶಕ್ತಿ ಬೇರೆ ಬೇರೆಯಾದುದರಿಂದ ತೂಕವನ್ನು ನೇರವಾಗಿ ಹೋಲಿಸಲಾಗದಿದ್ದರೂ, ನಾಲ್ಕು ಜನರ ಎದುರು ಪಂಪು ಎಳೆಯಲು ನಾಚಿ ಮಾತ್ರೆ ನುಂಗುವವರು ತಮ್ಮ ಮೈಮೇಲೆ ಎಷ್ಟು ಹೆಚ್ಚಿನ ಹೊರೆ ಹಾಕಿಕೊಳ್ಳುತ್ತಿದ್ದಾರೆಂಬುದಕ್ಕೆ ಇದು ಅಂದಾಜು ಕೊಡುತ್ತದೆ.

ಉಬ್ಬಸ ಬಂದಾಗ ಮಾತ್ರ ನೀಲಿ ಬಣ್ಣದ, ನಾಳ ಹಿಗ್ಗಿಸುವ ಇನ್ಹೇಲರ್ ಎಳೆದು ಸುಮ್ಮನಾಗುವ ರೂಢಿ ನಮ್ಮಲ್ಲಿ ಬಹಳವಿದೆ. ಅದು ಉರಿಯೂತವನ್ನು ಮುಟ್ಟುವುದಿಲ್ಲ. ಸ್ಟೀರಾಯ್ಡ್ ಇಲ್ಲದ ಆ ಒಂದೇ ಔಷಧದಿಂದ ವಯಸ್ಕರ ದಮ್ಮನ್ನು ನಿಭಾಯಿಸಬಾರದೆಂದು 2019ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ಸ್ಟೀರಾಯ್ಡ್ ಇನ್ಹೇಲರ್ ಬಳಸಿದ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಶಿಲೀಂಧ್ರದ ಬಿಳಿ ಪದರ ಕಟ್ಟುತ್ತದೆ, ಧ್ವನಿ ಒಡೆಯುತ್ತದೆ.

ಬೀಡಿ ಸೇದಿ ಅಥವಾ ಸೌದೆ ಒಲೆಯ ಹೊಗೆ ಕುಡಿದು ಬಂದ ದೀರ್ಘಕಾಲದ ಶ್ವಾಸಕೋಶ ರೋಗ, ಎಂದರೆ ಸಿಒಪಿಡಿ, ಬೇರೆಯ ಮಾತು. ಅಲ್ಲಿ ಸ್ಟೀರಾಯ್ಡ್ ಇನ್ಹೇಲರ್‌ನ ಲಾಭ ಕಡಿಮೆ, ನ್ಯುಮೋನಿಯಾದ ಸಾಧ್ಯತೆಯನ್ನು ಅದು ಒಂದಿಷ್ಟು ಹೆಚ್ಚಿಸುತ್ತದೆ ಕೂಡ. ಮತ್ತೆ ಮತ್ತೆ ರೋಗ ಕೆರಳುವ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ಹೆಚ್ಚಿರುವ ರೋಗಿಗಳಿಗೆ ವೈದ್ಯರು ಆರಿಸಿ ಕೊಡುತ್ತಾರೆ.

ಮಂಡಕ್ಕಿ ಭಟ್ಟಿಯ ಹೊಗೆ, ಗಣಿ ಮತ್ತು ಕ್ರಷರ್ ಧೂಳಿನಿಂದ ಬಂದ ಕೆಮ್ಮಿಗೆ ಸ್ಟೀರಾಯ್ಡ್ ಪರಿಹಾರವಾದೀತೇ?

ಹೊಗೆಯಿಂದ ದಮ್ಮು ಕೆರಳಿದ್ದರೆ ಇನ್ಹೇಲರ್ ಸಹಾಯ ಮಾಡುತ್ತದೆ, ಆದರೆ ಹೊಗೆ ಸೇವನೆ ಮುಂದುವರಿದಷ್ಟೂ ಸ್ಟೀರಾಯ್ಡ್‌ನ ಪರಿಣಾಮ ಕುಗ್ಗುತ್ತದೆ. ಬೀಡಿ, ಸಿಗರೇಟು ಸೇದುವ ದಮ್ಮಿನ ರೋಗಿಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಕಲ್ಲಿನ ನುಣುಪು ಧೂಳಿನಿಂದ ಬರುವ ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶ ಕಲೆಗಟ್ಟಿರುತ್ತದೆ. ಆ ಕಲೆಯನ್ನು ಅಳಿಸುವ ಸ್ಟೀರಾಯ್ಡ್ ಇಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯ ಹೆಚ್ಚಾದ್ದರಿಂದ, ಹೊಳಲ್ಕೆರೆ, ಹೊಸದುರ್ಗ ಸೀಮೆಯಲ್ಲಿ ಗಣಿ ಕೆಲಸ ಮಾಡಿದವರು ಕೆಮ್ಮೆಂದು ಬಂದಾಗ ಕಫ ಪರೀಕ್ಷೆಗೂ ಎದೆಯ ಎಕ್ಸ್‌ರೇಗೂ ಮೊದಲೇ ಸ್ಟೀರಾಯ್ಡ್ ಆರಂಭಿಸುವುದು ಅಪಾಯಕಾರಿ.

ಉಸಿರಾಟದ ವೈರಸ್ ರೋಗಗಳಲ್ಲಿ ಗಂಡಸರು ಹೆಚ್ಚು ಸಾಯುತ್ತಾರೆಂಬುದು ನಿಜವೇ? ಹಾರ್ಮೋನು ಕಾರಣವೇ?

ಕೋವಿಡ್‌ನಲ್ಲಿ ಬಹುತೇಕ ದೇಶಗಳಲ್ಲಿ ಗಂಡಸರ ಸಾವು ಹೆಚ್ಚಿತ್ತು ಎಂಬುದು ನಿಜ. ಹಾರ್ಮೋನು ಅದರಲ್ಲಿ ಒಂದು ಪಾಲುದಾರ ಮಾತ್ರ. ತಂಬಾಕು, ಹೃದ್ರೋಗ, ಹೊರಗಿನ ದುಡಿಮೆ ಇವೆಲ್ಲ ಗಂಡಸರ ಕಡೆಗೆ ಹೆಚ್ಚು ವಾಲುತ್ತವೆ. ಜೊತೆಗೆ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್ 7 ಎಂಬ ಜೀನು ಎಕ್ಸ್ ವರ್ಣತಂತುವಿನಲ್ಲಿದ್ದು, ಹೆಂಗಸರಲ್ಲಿ ಎಕ್ಸ್ ಎರಡಿರುತ್ತವೆ.

ಹಾರ್ಮೋನಿನ ವಿಷಯಕ್ಕೆ ಬಂದರೆ, ಇನ್‌ಫ್ಲುಯೆಂಜಾ ಸೋಂಕು ತಗುಲಿಸಿದ ಹೆಣ್ಣು ಇಲಿಗಳಲ್ಲಿ ಈಸ್ಟ್ರೋಜೆನ್ ಶ್ವಾಸಕೋಶದ ಉರಿಯೂತವನ್ನು ಹದದಲ್ಲಿಟ್ಟು ಸಾವನ್ನು ತಗ್ಗಿಸಿದ್ದನ್ನೂ, ಪ್ರೊಜೆಸ್ಟೆರೋನ್ ಹಾನಿಗೊಂಡ ಶ್ವಾಸಕೋಶದ ದುರಸ್ತಿಯನ್ನು ಚುರುಕುಗೊಳಿಸಿದ್ದನ್ನೂ ಪ್ರಯೋಗಗಳು ತೋರಿಸಿವೆ. ಫ್ಲೂ ಲಸಿಕೆಗೆ ಹೆಂಗಸರ ದೇಹ ಸಾಮಾನ್ಯವಾಗಿ ಹೆಚ್ಚು ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೊರೊನಾ ವೈರಸ್ ಜೀವಕೋಶ ಹೊಗಲು ಬಳಸಿಕೊಳ್ಳುವ ಟಿಎಂಪಿಆರ್‌ಎಸ್‌ಎಸ್ 2 ಎಂಬ ಕಿಣ್ವದ ಉತ್ಪಾದನೆಯನ್ನು ಪ್ರಾಸ್ಟೇಟ್ ಗ್ರಂಥಿಯಲ್ಲಿ ಪುರುಷ ಹಾರ್ಮೋನು ಹೆಚ್ಚಿಸುತ್ತದೆ. ಶ್ವಾಸಕೋಶದಲ್ಲಿಯೂ ಹಾಗೆಯೇ ಇರಬಹುದೆಂಬ ಊಹೆಯಿಂದ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಗಂಡಸರಿಗೆ ಟೆಸ್ಟೋಸ್ಟೆರೋನ್ ತಗ್ಗಿಸುವ ಔಷಧ ಕೊಟ್ಟು ನೋಡಲಾಯಿತು, ಲಾಭವಾಗಲಿಲ್ಲ. ಆಸ್ಪತ್ರೆ ಸೇರಿದ ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಕಡಿಮೆಯಿದ್ದವರೇ ಹೆಚ್ಚು ಗಂಭೀರವಾಗಿದ್ದುದೂ ಕಂಡಿದೆ, ಆದರೆ ಯಾವುದೇ ಗಂಭೀರ ಕಾಯಿಲೆ ಆ ಹಾರ್ಮೋನನ್ನು ಇಳಿಸುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ಇಲಿಯಲ್ಲಿ ಕಂಡದ್ದನ್ನು ಕೇಳಿ ಹಾರ್ಮೋನ್ ಮಾತ್ರೆ ನುಂಗುವ ಕಾಲ ಬಂದಿಲ್ಲ.

ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ ದಮ್ಮು ಹೆಚ್ಚಾಗುವುದು ಭ್ರಮೆಯೇ?

ಭ್ರಮೆಯಲ್ಲ. ಚಿಕ್ಕಂದಿನಲ್ಲಿ ದಮ್ಮು ಗಂಡುಮಕ್ಕಳಲ್ಲಿ ಹೆಚ್ಚು. ಮೈನೆರೆಯುವ ವಯಸ್ಸು ದಾಟಿದ ಮೇಲೆ ಹೆಂಗಸರಲ್ಲಿ ಹೆಚ್ಚು. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಉಬ್ಬಸ ಕೆರಳುವವರ ಸಂಖ್ಯೆ ಸಣ್ಣದಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ವೈದ್ಯರೆದುರು ಮುಟ್ಟಿನ ಮಾತು ತೆಗೆಯಲು ಹಿಂಜರಿಯುವುದರಿಂದ ಇದು ದಾಖಲಾಗದೆ ಉಳಿಯುತ್ತದೆ. ದಿನಾಂಕಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ತೋರಿಸಿದರೆ ಮಾತಾಡುವ ಸಂಕೋಚವೂ ತಪ್ಪುತ್ತದೆ, ವೈದ್ಯರಿಗೂ ಅನುಕೂಲ.

ಬಸಿರಿನಲ್ಲಿ ಪ್ರೊಜೆಸ್ಟೆರೋನ್ ಉಸಿರಾಟವನ್ನು ಆಳವಾಗಿಸುತ್ತದೆ, ಆದುದರಿಂದ ಆರೋಗ್ಯವಂತ ಗರ್ಭಿಣಿಗೂ ಏದುಸಿರು ಬಂದಂತೆನಿಸುವುದು ಸಹಜ. ದಮ್ಮಿರುವ ಗರ್ಭಿಣಿಯರಲ್ಲಿ ಸ್ಥೂಲವಾಗಿ ಮೂರರಲ್ಲಿ ಒಬ್ಬರಿಗೆ ಅದು ಹೆಚ್ಚುತ್ತದೆ, ಒಬ್ಬರಿಗೆ ತಗ್ಗುತ್ತದೆ, ಒಬ್ಬರಿಗೆ ಹಾಗೆಯೇ ಇರುತ್ತದೆ. ಅತ್ತೆಯೋ ಅಮ್ಮನೋ ಮಗುವಿಗೆ ತೊಂದರೆಯಾದೀತೆಂದು ಪಂಪು ಬಿಡಿಸುವುದು ಪ್ರೀತಿಯಿಂದಲೇ ಆದರೂ ಅದರಿಂದ ಕೇಡಾಗುತ್ತದೆ: ತಾಯಿಗೆ ಆಮ್ಲಜನಕ ಕಡಿಮೆಯಾದರೆ ಮಗುವಿಗೂ ಕಡಿಮೆ. ಬ್ಯುಡೆಸೊನೈಡ್ ಇನ್ಹೇಲರ್ ಬಸಿರಿನಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ, ಸುರಕ್ಷಿತವೆಂದು ಪರಿಗಣಿತವಾದ ಔಷಧ. 2009ರ ಎಚ್1ಎನ್1 ಹಾವಳಿಯಲ್ಲಿ ಗರ್ಭಿಣಿಯರು ಹೆಚ್ಚು ಗಂಭೀರವಾದುದರಿಂದ, ಅವರಿಗೆ ಫ್ಲೂ ಬಂದರೆ ಕಾಯದೆ ಆಸ್ಪತ್ರೆಗೆ ಕರೆತರಬೇಕು.

ವಿಟಮಿನ್ ಡಿ ಕೂಡ ಸ್ಟೀರಾಯ್ಡ್ ಅಂತೆ. ತೆಗೆದುಕೊಂಡರೆ ನೆಗಡಿ, ಕೋವಿಡ್ ಬರುವುದಿಲ್ಲವೇ?

ರಾಸಾಯನಿಕವಾಗಿ ಅದು ಸ್ಟೀರಾಯ್ಡ್‌ಗಳ ಹತ್ತಿರದ ಬಂಧು. ಕೊರತೆಯಿದ್ದವರು ಮೂಳೆಗಾಗಿ ತೆಗೆದುಕೊಳ್ಳಬೇಕು. ಸೋಂಕು ತಡೆಯುತ್ತದೆಂಬ ಆಸೆಯಿಂದ ನಡೆದ ದೊಡ್ಡ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂತಹ ಲಾಭ ಕಂಡಿಲ್ಲ.

ಹಲವು ತಿಂಗಳಿನಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಜ್ವರ ಬಂದಾಗ ಏನು ಮಾಡಬೇಕು?

ಮಾತ್ರೆಯನ್ನು ಯಾವ ಕಾರಣಕ್ಕೂ ದಿಢೀರನೆ ನಿಲ್ಲಿಸಬಾರದು. ಹೊರಗಿನಿಂದ ಬರುತ್ತಿದ್ದರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಮೂರು ವಾರ ಮೀರಿದ ಬಳಕೆಯಲ್ಲಿ ಈ ಸಾಧ್ಯತೆಯನ್ನು ಗಮನದಲ್ಲಿಡಲೇಬೇಕು. ಸೋಂಕು ಬಂದಾಗ ಆರೋಗ್ಯವಂತ ದೇಹ ಕಾರ್ಟಿಸಾಲನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ, ಇವರ ದೇಹಕ್ಕೆ ಅದು ಆಗುವುದಿಲ್ಲ. ಅಂತಹ ಹೊತ್ತಿನಲ್ಲಿ ಮಾತ್ರೆಯೂ ನಿಂತರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಾಪಾಯವಾಗಬಹುದು. ಜ್ವರದ ದಿನಗಳಲ್ಲಿ ಪ್ರಮಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ, ಆಗ ಬೆಳಗಾಗಲೆಂದು ಕಾಯಬಾರದು.

ತಾವು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇವೆಂದು ತಿಳಿಯದವರೂ ಇದ್ದಾರೆ. ಮೊಣಕಾಲು ನೋವಿಗೆ, ದಮ್ಮಿಗೆ ಹೆಸರು ವಿಳಾಸವಿಲ್ಲದ ಪೊಟ್ಟಣಗಳಲ್ಲಿ ಮಾರುವ ಕೆಲವು ಪುಡಿಗಳಲ್ಲಿ ಇದನ್ನು ಬೆರೆಸುವುದುಂಟು. ಪುಡಿ ಹಿಡಿದ ಮೇಲೆ ಮುಖ ದುಂಡಗೆ ಊದಿ, ಚರ್ಮ ತೆಳುವಾಗಿ, ಸಕ್ಕರೆಯೂ ಬಿ.ಪಿ.ಯೂ ಏರಿದ್ದರೆ ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಬರಬೇಕು.

ಮನೆಯಲ್ಲಿದ್ದೇ ಸುಧಾರಿಸಿಕೊಳ್ಳುತ್ತಿರುವ ಜ್ವರದ ರೋಗಿಯನ್ನು ಯಾವಾಗ ಆಸ್ಪತ್ರೆಗೆ ಕರೆದೊಯ್ಯಬೇಕು?

ಪಲ್ಸ್ ಆಕ್ಸಿಮೀಟರ್ ಶೇ 94ಕ್ಕಿಂತ ಕಡಿಮೆ ತೋರಿಸಿದರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಮಗುವಿನ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ ತಡಮಾಡಬಾರದು. ಐದಾರು ದಿನಗಳ ಬಳಿಕ ಜ್ವರ ಮರುಕಳಿಸಿ ಉಸಿರು ಭಾರವಾಗುವುದೂ ಎಚ್ಚರಿಕೆಯ ಲಕ್ಷಣ. ಸ್ಟೀರಾಯ್ಡ್ ಬೇಕೋ ಬೇಡವೋ ಎಂಬ ನಿರ್ಧಾರ ಆಮ್ಲಜನಕದ ಈ ಅಳತೆಯ ಮೇಲೆಯೇ ಬಹುಮಟ್ಟಿಗೆ ನಿಂತಿರುತ್ತದೆ.

ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಲಸಿಕೆ ಹಾಕಿಸಿಕೊಳ್ಳಬಹುದೇ?

ಇನ್ಹೇಲರ್ ಬಳಸುವವರಿಗೆ ಯಾವ ಅಡ್ಡಿಯೂ ಇಲ್ಲ. ಮಾತ್ರೆ ಸೇವಿಸುವವರು ಸಹ ಫ್ಲೂ ಮತ್ತು ನ್ಯುಮೋಕಾಕಲ್ ಇಂಜೆಕ್ಷನ್ ಲಸಿಕೆಗಳನ್ನು ಪಡೆಯಬಹುದು, ಪಡೆಯುವುದೇ ಒಳ್ಳೆಯದು. ಪ್ರತಿಕಾಯಗಳು ಸ್ವಲ್ಪ ಕಡಿಮೆ ಬಂದರೂ ಅಪಾಯವಿಲ್ಲ. ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ತಯಾರಿಸಿದ ದಡಾರ, ಸೀತಾಳೆ ಸಿಡುಬು ಮುಂತಾದ ಲಸಿಕೆಗಳು ಮಾತ್ರ ಬೇರೆ. ವಯಸ್ಕರು ದಿನಕ್ಕೆ 20 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನನ್ನು ಎರಡು ವಾರ ಅಥವಾ ಹೆಚ್ಚು ಕಾಲ ಸೇವಿಸಿದ್ದರೆ, ಔಷಧ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆದ ಮೇಲೆ ಅವನ್ನು ಹಾಕಿಸಿಕೊಳ್ಳಬೇಕು.